ಅವಳಿ ಮೂಲೆ, ಬಿಡಿ ಮೂಲೆ

ಆ ಡೇರೆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವರು ಮಾಸ್ಟ್ರು. ಶಾಲೆ ಮಾಸ್ಟ್ರಲ್ಲ, ಕಟಿಂಗ್ ಮಾಸ್ಟ್ರು. ಶಾಲೆಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಐದನೇ ಕ್ಲಾಸಿನಲ್ಲಿ ಎರಡು ವರ್ಷ ಕೂತು, ಮೂರನೇ ವರ್ಷ ಅಲ್ಲಿ ಕೂರುವ ಬದಲು ದರ್ಜಿ ಅಂಗಡಿಯಲ್ಲಿ ಕೂತವರು. ಅಂದು ಹಿಡಿದ ಕತ್ತರಿಯನ್ನು ಐವತ್ತೇಳು ವಯಸ್ಸಾದರೂ ಕೆಳಗಿಟ್ಟಿರಲಿಲ್ಲ. ದರ್ಜಿ ಅಂಗಡಿಯಿಂದ ಛತ್ರಿ ಕಂಪನಿಗೆ, ಅಲ್ಲಿಂದ ಈ ಡೇರೆ ಕಾರ್ಖಾನೆಗೆ. ಬಟ್ಟೆಯನ್ನು ಮೂರು ಮೂಲೆ ಮಾಡಿ ಕತ್ತರಿಸುವುದರಲ್ಲೇ ಅವರ ಆಯಸ್ಸಿನ ಮುಕ್ಕಾಲು ಪಾಲು ಕಳೆದಿತ್ತು.

ಡೇರೆ ಎಂದರೆ ಏನು? ಬಿಚ್ಚಿ ನೋಡಿದರೆ ಬರೀ ತ್ರಿಕೋನಗಳು. ಅಷ್ಟನ್ನು ಮಾಸ್ಟ್ರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು. ಛತ್ರಿ ಕಂಪನಿಯಲ್ಲಿ ಅವರಿಗೆ ಕೆಲಸ ಕಲಿಸಿದ ಮುದುಕರೊಬ್ಬರು ತ್ರಿಕೋನಗಳಿಗೆ ತಮ್ಮದೇ ಹೆಸರು ಇಟ್ಟಿದ್ದರು. ಪ್ರತಿ ತುಂಡಿಗೂ ಎರಡು ಹೆಸರು. ಒಂದು ತೋಳು, ಅಂದರೆ ಬದಿ, ನೋಡಿ ಇಟ್ಟದ್ದು; ಇನ್ನೊಂದು ಮೂಲೆ ನೋಡಿ ಇಟ್ಟದ್ದು. ಮೂರು ತೋಳೂ ಒಂದೇ ಉದ್ದವಿದ್ದರೆ 'ಸಮ'. ಎರಡು ತೋಳು ಒಂದೇ ಆಗಿದ್ದರೆ 'ಅವಳಿ'. ಮೂರೂ ಬೇರೆ ಬೇರೆಯಾದರೆ 'ಬಿಡಿ'. ಆಮೇಲೆ ಮೂಲೆ. ಎಲ್ಲ ಮೂಲೆಯೂ ಕಿರಿದಾಗಿದ್ದರೆ 'ಚೂಪು'. ಒಂದು ಮೂಲೆ ಬಡಗಿಗಳ ಮೂಲೆಮಟ್ಟಕ್ಕೆ ಸರಿಯಾಗಿ ಕೂತರೆ 'ಮೂಲೆ'. ಒಂದು ಮೂಲೆ ಅದಕ್ಕಿಂತ ಅಗಲವಾಗಿ, ಗೋಡೆಗೆ ಬೆನ್ನು ಕೊಟ್ಟವರ ಹಾಗೆ ಹಿಂದಕ್ಕೆ ಬಿದ್ದರೆ 'ಒರಗು'. ಛತ್ರಿಯ ಎಸಳು ಅವಳಿ ಚೂಪು. ಅಂಗಡಿ ಮುಂದಿನ ಚಪ್ಪರದ ಅಂಚಿನ ತುಂಡು ಅವಳಿ ಒರಗು. ಡೇರೆಯ ಬಾಗಿಲ ರೆಕ್ಕೆ ಅವಳಿ ಮೂಲೆ.

ಮೂರು ಮೂರಲಿ ಒಂಬತ್ತು ಬಗೆ ಆಗಬೇಕಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ, ಏಳೇ. ತೋಳು ಮೂರೂ ಸಮ ಇದ್ದಮೇಲೆ ಮೂಲೆಯೂ ಮೂರೂ ಸಮ, ಮೂರೂ ಚೂಪು. ಅದರಲ್ಲಿ ಇನ್ನೊಂದು ಜಾತಿ ಹುಟ್ಟುವುದೇ ಇಲ್ಲ. ಕಾರ್ಖಾನೆಗೆ ಹೊಸಬರು ಯಾರೇ ಬರಲಿ, ಮೊದಲ ದಿನ ಅವರನ್ನು ಗೋದಾಮಿಗೆ ಕಳಿಸುವುದೊಂದು ರೂಢಿಯಾಗಿಬಿಟ್ಟಿತ್ತು. "ಹೋಗಿ, ಒಂದು ಸಮ ಮೂಲೆ ತುಂಡು ತಗೊಂಡ್ ಬನ್ನಿ." ಪಾಪ, ಅವರು ಅರ್ಧ ಗಂಟೆ ಧೂಳು ಕುಡಿದು, ಕೆಮ್ಮಿಕೊಂಡು, ಬರಿಗೈಯಲ್ಲಿ ಬರುತ್ತಿದ್ದರು. ಹೊಲಿಗೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪುಟ್ಟಿ ಮಾತ್ರ ಗೋದಾಮಿಗೆ ಹೋಗಲೇ ಇಲ್ಲ. ಬಾಗಿಲ ತನಕ ಹೋದವಳು ತಿರುಗಿ ಬಂದು, "ಅಂಥದ್ದು ಇರೋಕೆ ಸಾಧ್ಯ ಇಲ್ಲ ಭಾವ. ಮೂರೂ ಒಂದೇ ಉದ್ದ ಇಟ್ಕೊಂಡು ಒಂದು ಮೂಲೆ ಮಾತ್ರ ಹೆಂಗೆ ಅಗಲ ಆಗುತ್ತೆ?" ಎಂದಳು. ಮಾಸ್ಟ್ರಿಗೆ ಒಳಗೊಳಗೇ ಹೆಮ್ಮೆ. ಹೆಂಡತಿಯ ತಂಗಿ, ತಾವೇ ಹೇಳಿ ಸೇರಿಸಿದವಳು. ಹತ್ತನೇ ಕ್ಲಾಸು ಮುಗಿಸಿದ್ದಳು. ಸಮಬಾಹು, ಸಮದ್ವಿಬಾಹು, ಅಸಮಬಾಹು, ಲಘುಕೋನ, ಲಂಬಕೋನ, ವಿಶಾಲಕೋನ ಎಂದು ಪುಸ್ತಕದ ಹೆಸರುಗಳನ್ನೆಲ್ಲ ಗಡಗಡ ಹೇಳುತ್ತಿದ್ದಳು. "ಅಬ್ಬಬ್ಬಾ, ಇಷ್ಟುದ್ದ ಹೆಸರು ಕೂಗೋದ್ರೊಳಗೆ ಸಂಜೆ ಆಗುತ್ತೆ ಕಣಮ್ಮ, ನಮ್ಮ ಅವಳಿ ಬಿಡೀನೇ ಸಾಕು," ಎಂದಿದ್ದರು ಮಾಸ್ಟ್ರು.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ನಲವತ್ಮೂರು ವರ್ಷದ ಹೆಂಗಸು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅಕ್ಕ ಕರೆದ ಹೆಸರು ಊರೆಲ್ಲ ಅಂಟಿಕೊಂಡಿತ್ತು, ಅಷ್ಟೇ. ಗಂಡ ಎಂಬುವನು ಮದುವೆಯಾದ ನಾಲ್ಕನೇ ವರ್ಷ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದವನು, ಇನ್ನೂ ಹುಡುಕುತ್ತಲೇ ಇದ್ದಾನೆ. ಅಂದಿನಿಂದ ಹದಿಮೂರು ವರ್ಷ ಅವಳು ಅಕ್ಕನ ಮನೆಯಲ್ಲಿದ್ದಳು. ಎರಡೇ ಕೋಣೆಯ ಮನೆ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ ಅವಳ ಚಾಪೆ. ರಾತ್ರಿ ಯಾರಾದರೂ ಬಚ್ಚಲಿಗೆ ಹೋದರೆ ಅವಳು ಕಾಲು ಮಡಚಬೇಕು. ಯಾರೂ ಒಂದು ಮಾತು ಆಡಿದವರಲ್ಲ. ಆದರೂ ಬೇರೆಯವರ ಮನೆಯಲ್ಲಿ ಕಾಲು ಮಡಚಿಕೊಂಡೇ ಹದಿಮೂರು ವರ್ಷ ಮಲಗುವುದೆಂದರೆ ಸುಮ್ಮನೆ ಮಾತಲ್ಲ.

ಕಾರ್ಖಾನೆ ಸೇರಿದ ಐದು ವರ್ಷಕ್ಕೆ ಅವಳು ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಳು. ಮಹಡಿಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಒಂದು ಕಿಟಕಿ, ಒಂದು ಗೂಡು, ಒಂದು ನಲ್ಲಿ. ಬಾಡಿಗೆಗೆ ಕೊಡುವಾಗ ಮನೆಯ ಒಡತಿ ಕೇಳಿದ್ದು ಒಂದೇ ಪ್ರಶ್ನೆ: ಕೆಲಸ ಇದೆಯಾ? ಕೆಲಸದ ಕಾರ್ಡು ತೋರಿಸಿದ ಮೇಲೆ ಬೀಗದ ಕೈ ಕೊಟ್ಟಳು. ಮೊದಲ ಭಾನುವಾರ ಅಕ್ಕ ಭಾವ ಇಬ್ಬರನ್ನೂ ಕರೆದು ಟೀ ಕೊಟ್ಟು, "ನೋಡಿ ಭಾವ, ಕಾಲು ಚಾಚಿ ಮಲಗಿದ್ರೂ ಗೋಡೆ ಸಿಗಲ್ಲ," ಎಂದು ನಕ್ಕಿದ್ದಳು. ಅಕ್ಕನಿಗೆ ಯಾಕೋ ಅಳು ಬಂದಿತ್ತು. ಮಾಸ್ಟ್ರು ಕಿಟಕಿಯ ಅಗುಳಿ ಸಡಿಲವಾಗಿದೆ ಎಂದು ಅದನ್ನು ಬಿಗಿ ಮಾಡುತ್ತ ನಿಂತಿದ್ದರು.

ಕಾರ್ಖಾನೆಯಲ್ಲಿ ಪುಟ್ಟಿಯ ಕೆಲಸ ಬಟ್ಟೆ ಹಾಸುವುದು. ಉದ್ದನೆಯ ಮೇಜಿನ ಮೇಲೆ ಥಾನಿನಿಂದ ಬಟ್ಟೆ ಬಿಚ್ಚಿ, ಪದರದ ಮೇಲೆ ಪದರ ಹಾಸಿ, ಸುಕ್ಕು ತೆಗೆದು, ಅಂಚು ಕೂಡಿಸಿ, ಕ್ಲಿಪ್ಪು ಹಾಕಬೇಕು. ಮಾಸ್ಟ್ರು ಮೇಲಿನ ಪದರದಲ್ಲಿ ಗೆರೆ ಎಳೆದು, ಕಟಿಂಗ್ ಮೆಷಿನ್ನನ್ನು ಒಂದು ಸಲ ಓಡಿಸಿದರೆ ಅರವತ್ತು ಪದರವನ್ನೂ ಒಟ್ಟಿಗೆ ಕತ್ತರಿಸುತ್ತದೆ. ಹಾಸುವುದರಲ್ಲಿ ಎರಡು ರೀತಿ. ಡೇರೆ ಬಟ್ಟೆಯ ಒಂದು ಮುಖಕ್ಕೆ ನೀರು ತಡೆಯುವ ಲೇಪ ಬಳಿದಿರುತ್ತಾರೆ, ಅದು ಹೊಳೆಯುತ್ತದೆ; ಇನ್ನೊಂದು ಮುಖ ಒರಟು. ಎಲ್ಲ ಪದರದಲ್ಲೂ ಹೊಳೆಯುವ ಮುಖ ಮೇಲೇ ಬರುವಂತೆ ಹಾಸುವುದು ಸುಲಭ, ಬೇಗ ಮುಗಿಯುತ್ತದೆ. ಒಂದು ಪದರ ಮೇಲ್ಮುಖ, ಮುಂದಿನದು ಕೆಳಮುಖ, ಹೀಗೆ ಮುಖಾಮುಖಿ ಹಾಸುವುದು ತಲೆನೋವು. ಪ್ರತಿ ಪದರಕ್ಕೂ ಬಟ್ಟೆ ಕತ್ತರಿಸಿ ಥಾನು ತಿರುಗಿಸಬೇಕು. ದುಪ್ಪಟ್ಟು ಹೊತ್ತು ಹಿಡಿಯುತ್ತದೆ.

ಅವಳಿ ತುಂಡಿಗೆ ಮೊದಲನೆಯ ರೀತಿ ಸಾಕು. ಅದಕ್ಕೆ ಎಡ ಬಲ ಇಲ್ಲ, ಮಗುಚಿ ಹಾಕಿದರೂ ಅದರ ಆಕಾರ ಅದೇ. ಬಿಡಿ ತುಂಡು ಹಾಗಲ್ಲ. ಅದು ಚಪ್ಪಲಿ ಇದ್ದ ಹಾಗೆ, ಎಡಗಾಲಿನದು ಬಲಗಾಲಿಗೆ ಆಗುವುದಿಲ್ಲ. ಮಗುಚಿದರೆ ಆಕಾರವೇನೋ ಹೊಂದುತ್ತದೆ, ಒರಟು ಮುಖ ಹೊರಗೆ ಬರುತ್ತದೆ. ಅದಕ್ಕೇ ಬಿಡಿಯನ್ನು ಮುಖಾಮುಖಿ ಹಾಸಲೇಬೇಕು. ಆಗ ಅರ್ಧ ಎಡ, ಅರ್ಧ ಬಲ ತಾನಾಗಿ ಬರುತ್ತವೆ.

ಇದಕ್ಕೆಂದೇ ಒಂದು ಕೂಗು ಇತ್ತು. ಕೆಲಸ ಶುರುವಾಗುವ ಮುಂಚೆ ಮಾಸ್ಟ್ರು ತುಂಡಿನ ಎರಡು ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಹಾಸುವವಳು ಅದನ್ನೇ ತಿರುಗಿ ಕೂಗಿ, ಅದರಂತೆ ಹಾಸಬೇಕು. ಹಾಸಿದ ಮೇಲೆ ಒಂದು ಚೀಟಿ ಬರೆಯಬೇಕು: ಎಷ್ಟು ಪದರ, ಮುಖ ಹೇಗೆ, ಹಾಸಿದವರ ಸಹಿ. ಕೂಗಿದವರು ಯಾರು, ಏನು ಕೂಗಿದರು ಎಂಬುದಕ್ಕೆ ಚೀಟಿಯಲ್ಲಿ ಜಾಗವಿರಲಿಲ್ಲ. ಅದು ಬೇಕಾಗುತ್ತದೆ ಎಂದು ಯಾರೂ ಅಂದುಕೊಂಡಿರಲೂ ಇಲ್ಲ.

ಆ ಸೋಮವಾರ ಬಂದದ್ದು ಅರವತ್ತು ಡೇರೆಯ ಆರ್ಡರು. ಹಳೇ ಗಿರಾಕಿ, ಹನ್ನೆರಡು ವರ್ಷದಿಂದ ಒಂದೇ ಅಳತೆಯ ಡೇರೆ ಮಾಡಿಸುತ್ತಿದ್ದವರು. ಈ ಸಲ ನೀರು ಹಿಂದಕ್ಕೆ ಹರಿಯಲಿ ಎಂದು ಬಾಗಿಲ ರೆಕ್ಕೆಯ ಒಂದು ತೋಳನ್ನು ಆರಿಂಚು ಗಿಡ್ಡ ಮಾಡಿದ್ದರು. ಎಪ್ಪತ್ತೆರಡು, ಅರವತ್ತಾರು. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮಾಸ್ಟ್ರು ಅಳತೆ ನೋಡಿದರು, ಟೇಪು ಹಿಡಿದು ಗುರುತು ಹಾಕಿದರು, ಒಂದು ನೂಲೂ ಆಚೀಚೆ ಆಗಲಿಲ್ಲ. ಮೂಲೆಮಟ್ಟ ಇಟ್ಟರು, ಕೂತಿತು. ಆಮೇಲೆ ಬಾಯಿ ತೆರೆದು, ಹನ್ನೆರಡು ವರ್ಷದಿಂದ ಏನು ಕೂಗುತ್ತಿದ್ದರೋ ಅದನ್ನೇ ಕೂಗಿದರು.

"ಅವಳಿ ಮೂಲೆ!"

ಕೈ ಕಾಗದವನ್ನು ಓದಿತ್ತು, ಬಾಯಿ ಓದಿರಲಿಲ್ಲ. ಮೂಲೆ ಕಂಡಿತು, ತೋಳು ಕಾಣಲಿಲ್ಲ. ಕೂಗಬೇಕಾಗಿದ್ದದ್ದು ಬಿಡಿ ಮೂಲೆ.

ಪುಟ್ಟಿ ತಿರುಗಿ ಕೂಗಲಿಲ್ಲ. ಮೇಜಿನ ಮೇಲೆ ಬಗ್ಗಿ ಗೆರೆ ನೋಡಿದಳು. "ಭಾವ, ಇದು ಅವಳಿನಾ? ಒಂದು ತೋಳು ಗಿಡ್ಡ ಕಾಣ್ತಿದೆಯಲ್ಲ?"

"ಹನ್ನೆರಡು ವರ್ಷದಿಂದ ಇದೇ ಡೇರೆ ಕಟ್ ಮಾಡ್ತಿದ್ದೀನಿ. ಈಗ ನೀನು ನಂಗೆ ಪಾಠ ಹೇಳ್ತೀಯಾ?"

"ಅಯ್ಯೋ, ಇಲ್ಲ ಭಾವ, ಸುಮ್ನೆ ಕೇಳ್ದೆ."

"ಕೇಳೋದೆಲ್ಲಾ ನಿಮ್ಮಕ್ಕನ ಹತ್ರ ಕೇಳು. ಇಲ್ಲಿ ಹಾಸು, ಟೈಮಾಯ್ತು."

ಹೊಲಿಗೆ ಸಾಲಿನ ಹೆಂಗಸರು ಘೊಳ್ಳೆಂದು ನಕ್ಕರು. ನಾದಿನಿಯನ್ನು ನಾಲ್ಕು ಜನರ ಮುಂದೆ ರೇಗಿಸುವುದು ಮಾಸ್ಟ್ರಿಗೊಂದು ಚಪಲ. ಅವರೂ ಮೀಸೆಯಡಿ ನಕ್ಕರು. ಪುಟ್ಟಿಯ ಮುಖ ಕೆಂಪಾಯಿತು. "ಅವಳಿ ಮೂಲೆ," ಎಂದು ಮೆಲ್ಲಗೆ ಹೇಳಿ ಥಾನು ಬಿಚ್ಚಿದಳು. ಅರವತ್ತು ಪದರ, ಎಲ್ಲವೂ ಮುಖ ಮೇಲೆ. ಚೀಟಿಗೆ ಸಹಿ ಹಾಕಿದಳು. ಮಾಸ್ಟ್ರು ಮೆಷಿನ್ ಓಡಿಸಿದರು. ಡೇರೆಗೆ ಎಡಕ್ಕೆರಡು ಬಲಕ್ಕೆರಡು, ಪದರಕ್ಕೆ ನಾಲ್ಕು, ಒಟ್ಟು ಇನ್ನೂರ ನಲವತ್ತು ರೆಕ್ಕೆ ನೀರಿನಂತೆ ಕತ್ತರಿಸಿಕೊಂಡು ಬಂದವು. ಅಷ್ಟು ಚೆಂದ ಕತ್ತರಿಸಿದ್ದು ಆ ವರ್ಷದಲ್ಲೇ ಇರಲಿಲ್ಲವೇನೋ.

ಬುಧವಾರ ಬೆಳಿಗ್ಗೆ ಹೊಲಿಗೆ ಸಾಲಿನ ಹಿರಿಯಳು, ಎಲ್ಲರೂ ಹೊಲಿಗೆಯಕ್ಕ ಎನ್ನುವವಳು, ಎರಡು ರೆಕ್ಕೆ ಹಿಡಿದು ಬಂದಳು.

"ಮಾಸ್ಟ್ರೇ, ಬಲಗಡೇದು ಎಲ್ಲಿಟ್ಟಿದ್ದೀರಿ?"

"ಅದರಲ್ಲಿ ಎಡ ಬಲ ಎಲ್ಲಿಂದ ಬಂತು? ಬಂಡಲ್‌ನಲ್ಲೇ ಇದೆ ನೋಡು."

"ಬಂಡಲೆಲ್ಲಾ ಜಾಲಾಡಿಬಿಟ್ಟೆ. ಎಲ್ಲಾ ಎಡಗಡೇವೇ. ಬಲಗಡೆಗೆ ಇಟ್ರೆ ಗಿಡ್ಡ ತೋಳು ಮೇಲಕ್ಕೆ ಹೋಗುತ್ತೆ."

ಮಾಸ್ಟ್ರು ರೆಕ್ಕೆ ಕೈಗೆ ತೆಗೆದುಕೊಂಡರು. ಎರಡು ತೋಳನ್ನೂ ಒಂದರ ಮೇಲೊಂದು ಮಡಚಿ ಹಿಡಿದರು. ಆರಿಂಚು ಬಟ್ಟೆ ಹೆಚ್ಚಾಗಿ ಕೆಳಗೆ ಜೋತಾಡಿತು. ಹೊಲಿಗೆಯಕ್ಕ ಇನ್ನೂ ಏನೋ ಹೇಳುತ್ತಿದ್ದಳು, ಅವರಿಗೆ ಅದು ಕೇಳಿಸಲಿಲ್ಲ.

ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಮಾಸ್ಟ್ರು ಕಟಿಂಗ್ ಹಾಲಿನ ನೆಲದ ಮೇಲೆ ಕೂತರು. ಒಂದು ರೆಕ್ಕೆ ಹಾಸಿ, ಅದರ ಪಕ್ಕ ಇನ್ನೊಂದನ್ನು ತಿರುಗಿಸಿ ನೋಡಿದರು. ಮೂರು ಮೂಲೆಯ ಬಟ್ಟೆಯನ್ನು ಎಷ್ಟು ಥರ ತಿರುಗಿಸಬಹುದು? ಮೂರೇ ಥರ. ಮೂರೂ ಮಾಡಿದರು. ಮತ್ತೆ ಮೊದಲಿಂದ ಮಾಡಿದರು, ಈ ಸಲ ಬಟ್ಟೆಗೆ ಬುದ್ಧಿ ಬಂದೀತು ಎಂಬಂತೆ. ಪುಟ್ಟಿ ಬಂದು ಎದುರಿಗೆ ಕೂತಳು. ಅವಳ ಕೈಯಲ್ಲಿದ್ದ ಊಟದ ಡಬ್ಬಿ ತೆರೆದಿರಲಿಲ್ಲ.

"ಮಗುಚಿ ನೋಡಿದ್ರಾ?"

"ಮಗುಚಿದ್ರೆ ಒರಟು ಮೇಲೆ ಬರುತ್ತೆ. ಮೊದಲ ಮಳೆಗೇ ಒಳಗೆ ಮಲಗಿದವರ ಮೇಲೆ ಸುರಿಯುತ್ತೆ."

"ಉದ್ದದ್ದನ್ನ ಆರಿಂಚು ಕತ್ತರಿಸಿ ಅವಳಿ ಮಾಡಿದ್ರೆ?"

"ಆಗ ಪಕ್ಕದಲ್ಲಿ ಆರಿಂಚು ಕಂಡಿ. ಡೇರೆ ಅಲ್ಲ ಅದು, ಜರಡಿ."

ಪುಟ್ಟಿ ಬಟ್ಟೆಯ ಅಂಚು ಸವರಿದಳು. "ನಾನು ಕೇಳ್ದೆ ಭಾವ," ಎಂದಳು. ಆಪಾದನೆಯ ದನಿಯಲ್ಲಲ್ಲ. ತಾನು ನಿಜವಾಗಿಯೂ ಕೇಳಿದ್ದೆನೋ ಇಲ್ಲವೋ ಎಂದು ತನಗೇ ಅನುಮಾನ ಬಂದವಳಂತೆ ಹೇಳಿದಳು.

"ನೀನು ಕೇಳ್ದೆ. ನಾನೇ ಬೈದೆ. ತಪ್ಪು ನಂದೇ, ಹೋಗಿ ಹೇಳ್ತೀನಿ," ಎಂದು ಮಾಸ್ಟ್ರು ಎದ್ದರು. ಎದ್ದಾಗ ಅವರಿಗೆ ಭಯವಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಬೈಗುಳ ತಿನ್ನಬೇಕಾಗುತ್ತದೆ, ಕೆಲಸ ಹೋದರೂ ಹೋಗಬಹುದು, ಅಷ್ಟೇ ತಾನೇ ಎಂದುಕೊಂಡಿದ್ದರು. ಒಪ್ಪಿಕೊಂಡರೂ ಯಾರೂ ಕೈಚಾಚಿ ಅದನ್ನು ತೆಗೆದುಕೊಳ್ಳದೆ ಹೋಗಬಹುದು ಎಂಬುದು ಅವರ ಕನಸಿನಲ್ಲೂ ಇರಲಿಲ್ಲ.

ಕಾರ್ಖಾನೆ ಯಜಮಾನರ ಗಾಜಿನ ಕೋಣೆಯಲ್ಲಿ ಮೇಜಿನ ಮೇಲೆ ಪುಟ್ಟಿ ಸಹಿ ಹಾಕಿದ ಚೀಟಿ ಆಗಲೇ ಇತ್ತು. ಯಜಮಾನರು ಕೆಟ್ಟವರಲ್ಲ. ಹೆಂಗಸರಿಗೆ ಹುಷಾರಿಲ್ಲ ಎಂದರೆ ತಮ್ಮ ಸ್ಕೂಟರಿನಲ್ಲೇ ಮನೆಗೆ ಬಿಟ್ಟು ಬರುವಂಥವರು. ಆ ದಿನ ಅವರ ಮುಖ ಬಾಡಿ ಹೋಗಿತ್ತು.

"ನೂರಿಪ್ಪತ್ತು ರೆಕ್ಕೆ ಹೋಯ್ತು ಮಾಸ್ಟ್ರೇ. ಇದೇ ಬಣ್ಣದ ಬಟ್ಟೆ ಮತ್ತೆ ಬರೋಕೆ ಒಂದೂವರೆ ತಿಂಗಳು. ಗಿರಾಕಿ ಕಡೆ ಆಫೀಸರು ನಾಳೆ ಬರ್ತಿದ್ದಾರೆ. ಯಾರ ಕೈಯಲ್ಲಾಯ್ತು ಅಂತ ಮೊದಲು ಕೇಳೋದೇ ಅದನ್ನ."

"ನನ್ನ ಕೈಯಲ್ಲಾಯ್ತು ಸಾರ್. ನಾನೇ ಅವಳಿ ಅಂತ ಕೂಗಿದ್ದು. ಆ ಹುಡುಗಿ ಕೇಳಿದ್ಲು, ನಾನೇ ಬಾಯಿ ಮುಚ್ಚಿಸ್ದೆ."

ಯಜಮಾನರು ಅವರನ್ನೇ ನೋಡಿದರು. ಆಮೇಲೆ ಆ ಬಾಡಿದ ಮುಖದಲ್ಲೂ ಒಂದು ನಗು ಬಂತು. "ನಿಮ್ಮ ದೊಡ್ಡ ಮನಸ್ಸು ನಂಗೆ ಗೊತ್ತಿಲ್ವಾ ಮಾಸ್ಟ್ರೇ? ಇಷ್ಟು ವರ್ಷದಲ್ಲಿ ನಿಮ್ಮ ಕೈಯಲ್ಲಿ ಒಂದು ತುಂಡು ಕೆಟ್ಟಿಲ್ಲ. ನಾದಿನಿ ಅಂತ ಮೇಲೆ ಹಾಕೊಳ್ತಿದ್ದೀರಿ."

"ದೇವರಾಣೆ ಸಾರ್."

"ಆಣೆ ಯಾಕೆ ಮಾಡ್ತೀರಿ? ಮುಖ ಮೇಲೆ ಅಂತ ಬರೆದು ಸಹಿ ಹಾಕಿರೋದು ಅವಳು. ಬಿಡಿ, ನೀವು ಹೋಗಿ ಊಟ ಮಾಡಿ."

ಮಾಸ್ಟ್ರು ಊಟ ಮಾಡಲಿಲ್ಲ. ನೇರವಾಗಿ ಹೊಲಿಗೆ ಸಾಲಿಗೆ ಹೋದರು. "ನೀವೆಲ್ಲಾ ಕೇಳಿಸ್ಕೊಂಡ್ರಲ್ಲ, ನಾನು ಅವಳಿ ಅಂದಿದ್ದು? ನಕ್ರಲ್ಲ ನೀವೆಲ್ಲಾ? ಬಂದು ಒಂದು ಮಾತು ಹೇಳಿ." ಮೆಷಿನ್ನುಗಳು ಒಂದೊಂದಾಗಿ ನಿಂತವು. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಹೊಲಿಗೆಯಕ್ಕ, "ನಕ್ಕಿದ್ದೇನೋ ನಿಜ ಮಾಸ್ಟ್ರೇ, ಯಾವುದಕ್ಕೆ ನಕ್ಕಿದ್ದು ಅಂತ ಈಗ ನೆನಪಾಗ್ತಿಲ್ಲ," ಎಂದು ದಾರ ಪೋಣಿಸತೊಡಗಿದಳು. ಅವಳಿಗೂ ಮನೆ ಇತ್ತು, ಅವಳಿಗೂ ಈ ಕೆಲಸ ಬೇಕಿತ್ತು. ಯಾರನ್ನು ದೂರುವುದು?

ಮರುದಿನ ಆಫೀಸರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೆನ್ನು, ಮೊಣಕಾಲ ಮೇಲೆ ಫೈಲು. ಮಾಸ್ಟ್ರು ಕರೆಯದೆಯೇ ಒಳಗೆ ನುಗ್ಗಿದರು. ನಿಂತೇ ಎಲ್ಲ ಹೇಳಿದರು: ಅವಳಿ ಎಂದರೇನು, ಬಿಡಿ ಎಂದರೇನು, ಕೂಗು ಎಂದರೇನು, ತಾವು ಏನು ಕೂಗಿದರು, ಪುಟ್ಟಿ ಏನು ಕೇಳಿದಳು. ಆಫೀಸರು ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುತ್ತಿದ್ದಾರೆ! ಮಾಸ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಸರಿ. ಆ ಹೆಂಗಸು ನಿಮಗೇನಾಗ್ಬೇಕು?" ಎಂದರು ಆಫೀಸರು.

"ನಾದಿನಿ ಸಾರ್. ನನ್ನ ಹೆಂಡ್ತಿ ತಂಗಿ."

ಆಫೀಸರು ಪೆನ್ನಿನ ಮುಚ್ಚಳ ಹಾಕಿದರು. ಯಜಮಾನರ ಕಡೆ ತಿರುಗಿ, "ಚೀಟಿಯ ಒಂದು ನಕಲು ಕೊಡಿ, ಕ್ರಮ ತಗೊಂಡಿದ್ದೀವಿ ಅಂತ ಒಂದು ಸಾಲು ಬರೆದುಕೊಡಿ, ಮುಗೀತು," ಎಂದರು.

ಮಾಸ್ಟ್ರು ಅಲ್ಲೇ ನಿಂತಿದ್ದರು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಅವರು ಜೀವನದಲ್ಲಿ ಎಷ್ಟೋ ನೋಡಿದ್ದರು. ನಿಜ ಹೇಳಿ ಸಿಕ್ಕಿಬಿದ್ದದ್ದು ಇದೇ ಮೊದಲು.

ಸಂಜೆ ಮನೆಯಲ್ಲಿ ಕಾಗದ ಪೆನ್ನು ಹಿಡಿದು ಕೂತರು. ಐದನೇ ಕ್ಲಾಸಿನ ಅಕ್ಷರ, ಸಾಲು ಡೊಂಕು. 'ತಪ್ಪು ನಂದು, ಅವಳದಲ್ಲ, ನಾನೇ ಅವಳಿ ಅಂದೆ' ಎಂದು ಬರೆದು ದೊಡ್ಡದಾಗಿ ಸಹಿ ಹಾಕಿದರು. ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಎರಡು ದಿನದಿಂದ ಅವಳು ಗಂಡನ ಜೊತೆ ಮಾತಾಡಿರಲಿಲ್ಲ.

"ಅವಳನ್ನ ಎಲ್ರ ಮುಂದೆ ರೇಗಿಸಬೇಡ್ರೀ ಅಂತ ಎಷ್ಟು ಸಲ ಬಡ್ಕೊಂಡೆ? ಕೇಳಿದ್ರಾ?"

"ಬರೀತಿದ್ದೀನಲ್ಲ."

"ಬರೀರಿ ಬರೀರಿ," ಎಂದು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಶುಕ್ರವಾರ ಯಜಮಾನರು ಕಾಗದವನ್ನು ಪೂರ್ತಿ ಓದಿದರು. ಈ ಸಲ ನಗಲಿಲ್ಲ. ಅವರಿಗೆ ನಂಬಿಕೆ ಬಂದಿತ್ತು. ಅದೇ ಇನ್ನೂ ಕಷ್ಟವಾಯಿತು.

"ನಿಜಾನೇ ಇರಬಹುದು ಮಾಸ್ಟ್ರೇ. ಆದ್ರೆ ಇದನ್ನ ಫೈಲಿಗೆ ಹಾಕಿದ್ರೆ ನಿಮ್ಮನ್ನೂ ತೆಗೀಬೇಕು. ಬಲಗಡೆ ನೂರಿಪ್ಪತ್ತು ಬಾಕಿ ಇದೆ, ಯಾರು ಕತ್ತರಿಸ್ತಾರೆ? ನಲವತ್ತು ಜನ ಹೆಂಗಸರು ಕೈ ಕಟ್ಕೊಂಡು ಕೂರಬೇಕು."

"ಹಂಗಾದ್ರೆ ನನ್ನ ತೆಗೀರಿ, ಅವಳನ್ನ ಇಟ್ಕೊಳ್ಳಿ."

"ಅವಳ ಹೆಸರು ಆಗಲೇ ಗಿರಾಕಿಗೆ ಹೋಗಿಬಿಟ್ಟಿದೆ. ಅವಳನ್ನ ಇಟ್ಕೊಂಡ್ರೆ ಆರ್ಡರೇ ಇಲ್ಲ. ನೀವು ಹೋದ್ರೆ ಒಬ್ಬರ ಬದಲು ಇಬ್ಬರು ಹೋಗ್ತೀರಿ, ಅಷ್ಟೇ. ಅವಳಿಗೇನು ಬಂತು ಅದರಿಂದ? ನೀವೇ ಹೇಳಿ."

ಮಾಸ್ಟ್ರು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದರು. ತಾವು ಕೆಲಸ ಬಿಟ್ಟರೆ ಪುಟ್ಟಿಗೆ ಕೆಲಸ ಬರುವುದಿಲ್ಲ, ಮನೆಯಲ್ಲಿದ್ದ ಒಂದು ಸಂಬಳವೂ ನಿಲ್ಲುತ್ತದೆ. ಬಿಡದಿದ್ದರೆ ದಿನಾ ಅದೇ ಮೇಜಿನ ಮುಂದೆ ನಿಲ್ಲಬೇಕು. ಯಜಮಾನರು ಕಾಗದವನ್ನು ಎರಡಾಗಿ ಮಡಚಿ ಡ್ರಾಯರಿನಲ್ಲಿಟ್ಟರು, ಹರಿದು ಹಾಕಲಿಲ್ಲ. ಹರಿದಿದ್ದರೆ ಜಗಳವಾದರೂ ಆಡಬಹುದಿತ್ತು.

ಮಧ್ಯಾಹ್ನ ಪುಟ್ಟಿ ತನ್ನ ಕ್ಲಿಪ್ಪುಗಳನ್ನೆಲ್ಲ ಡಬ್ಬಕ್ಕೆ ತುಂಬಿ ಮೇಜಿನ ಮೇಲಿಟ್ಟಳು. ಕೆಲಸದ ಕಾರ್ಡು ವಾಪಸು ಕೊಟ್ಟಳು. ಹೊಲಿಗೆ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದು ಅತ್ತರು. ಹೊಲಿಗೆಯಕ್ಕನೇ ಎಲ್ಲರಿಗಿಂತ ಹೆಚ್ಚು ಅತ್ತಳು. ಪುಟ್ಟಿ ಅವಳ ಬೆನ್ನು ಸವರಿ, "ಇರಲಿ ಬಿಡಿ ಅಕ್ಕ," ಎಂದು ಸಮಾಧಾನ ಮಾಡಿದಳು. ಕಣ್ಣೀರು ಹಾಕುವವರಿಗೆಲ್ಲ ಅವಳೇ ಸಮಾಧಾನ ಹೇಳಬೇಕಾಗಿ ಬಂತು.

ಅವಳು ಸುಮ್ಮನೆ ಕೂರಲಿಲ್ಲ. ಇನ್ನೆರಡು ಕಾರ್ಖಾನೆಗೆ ಹೋಗಿ ಕೇಳಿದಳು. ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ಅಲ್ಲಿಯೂ ಕೇಳಿದರು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತಿಂಗಳ ಕೊನೆಗೆ ಮನೆಯ ಒಡತಿ, "ಕೆಲಸ ಇಲ್ವಂತೆ, ನಿಜಾನಾ?" ಎಂದು ಕಬ್ಬಿಣದ ಮೆಟ್ಟಿಲ ಕೆಳಗಿಂದಲೇ ಕೇಳಿದಳು. ಅವಳದೂ ತಪ್ಪಲ್ಲ, ಮೊದಲೇ ಕೇಳಿದ್ದಳಲ್ಲ.

ಭಾನುವಾರ ಬೆಳಿಗ್ಗೆ ಮಾಸ್ಟ್ರು ಪುಟ್ಟಿಯ ಕೋಣೆಯಿಂದ ಸಾಮಾನು ತರಲು ಹೋದರು. ಹೆಚ್ಚೇನಿರಲಿಲ್ಲ. ಒಂದು ಟ್ರಂಕು, ಒಂದು ಸ್ಟೌವು, ಒಂದು ಕನ್ನಡಿ, ನಾಲ್ಕು ಪಾತ್ರೆ. ಗೂಡಿಗೆ ಹಾಸಿದ್ದ ಕಾಗದವನ್ನು ಪುಟ್ಟಿ ಬಿಡಿಸಿ ಮಡಚಿಟ್ಟುಕೊಂಡಳು. ನೆಲ ಗುಡಿಸಿ, ಒರೆಸಿ, ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ಎರಡು ಸಲ ನೋಡಿ, ಹೊರಗೆ ಬಂದು ಬೀಗ ಹಾಕಿದಳು. ಒಡತಿಗೆ ಬೀಗದ ಕೈ ಕೊಟ್ಟಳು. ಮಾಸ್ಟ್ರು ಟ್ರಂಕು ಹೆಗಲ ಮೇಲಿಟ್ಟುಕೊಂಡು ಬೀದಿಯ ಕಡೆ ಮುಖ ಮಾಡಿದರು. ಎರಡು ಬೀದಿ ದಾಟುವಷ್ಟರಲ್ಲಿ ಸಿಕ್ಕ ಪರಿಚಯದವರೆಲ್ಲ, "ಏನ್ ಮಾಸ್ಟ್ರೇ, ಮನೆ ಬದಲಾಯಿಸ್ತಿದ್ದೀರಾ?" ಎಂದು ಕೇಳಿದರು. ಹೌದು ಹೌದು ಎನ್ನುತ್ತ ನಡೆದರು.

ಮನೆಯಲ್ಲಿ ಅಕ್ಕ ಮಾತಿಲ್ಲದೆ ಆ ಓಣಿಯಂಥ ಜಾಗವನ್ನು ತೊಳೆದು ಒಣಗಿಸಿಟ್ಟಿದ್ದಳು. ಪುಟ್ಟಿ ಟ್ರಂಕನ್ನು ಗೋಡೆಗೆ ಒತ್ತಿದಳು, ಅದರ ಮೇಲೆ ಚಾಪೆ ಸುತ್ತಿಟ್ಟಳು, ಕನ್ನಡಿಗೆ ಎಲ್ಲಿ ಮೊಳೆ ಹೊಡೆಯುವುದು ಎಂದು ನೋಡಿ ಮೊಳೆ ಬೇಡವೆಂದು ಟ್ರಂಕಿನ ಹಿಂದೆ ಇಟ್ಟಳು. ಮಾಸ್ಟ್ರು ಅಡುಗೆಮನೆಯ ಹೊಸಿಲ ಮೇಲೆ ನಿಂತೇ ಇದ್ದರು.

"ಪುಟ್ಟಿ, ನಾನು ಹೇಳ್ದೆ ಕಣಮ್ಮ. ಬಿಡದೆ ಹೇಳ್ದೆ. ಯಾರೂ ಕೇಳಲಿಲ್ಲ."

"ಗೊತ್ತು ಭಾವ. ಮೂರು ಸಲ ಹೇಳಿದ್ರಂತೆ. ಬರೆದೂ ಕೊಟ್ರಂತೆ."

"ಇನ್ನೇನು ಮಾಡ್ಬೇಕಿತ್ತೋ ನಂಗೆ ತಿಳೀಲಿಲ್ಲ."

ಪುಟ್ಟಿ ಪಾತ್ರೆಗಳನ್ನು ಅಕ್ಕನ ಪಾತ್ರೆಗಳ ಜೊತೆ ಜೋಡಿಸುತ್ತಿದ್ದಳು. ತಿರುಗಲಿಲ್ಲ. "ನೀವು ಹೇಳ್ದೆ ಇದ್ದಿದ್ರೇ ಚೆನ್ನಾಗಿರ್ತಿತ್ತು ಭಾವ. ಬಾಯಿ ಮುಚ್ಕೊಂಡು ಕೂತಿದ್ರೆ, ನಿಮ್ಮನ್ನಾದ್ರೂ ಬಾಯ್ತುಂಬ ಬೈತಿದ್ದೆ. ಈಗ ಯಾರನ್ನ ಬೈಲಿ, ಹೇಳಿ?"

ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆಂದು ಮಾಸ್ಟ್ರಿಗೆ ತಿಳಿಯಿತು. ಹತ್ತಿರ ಹೋಗಬೇಕು ಎನ್ನಿಸಿತು, ಹೋಗಿ ಏನು ಮಾಡುವುದೆಂದು ತೋಚಲಿಲ್ಲ. ಪುಟ್ಟಿ ಸೆರಗಿನಿಂದ ಮುಖ ಒರೆಸಿಕೊಂಡು, ಶೆಲ್ಫಿನಿಂದ ಮಾಸ್ಟ್ರ ಊಟದ ಡಬ್ಬಿ ಕೈಗೆತ್ತಿಕೊಂಡಳು. ಮುಚ್ಚಳ ತೆಗೆದು ಒಳಗೆ ನೋಡಿ, ತೊಳೆಯಲು ಪಕ್ಕಕ್ಕಿಟ್ಟಳು.

"ಮನೇಲಿ ಇರೋಳು ಸುಮ್ನೆ ಕೂತ್ರೆ ಆಗುತ್ತಾ? ನಾಳೆಯಿಂದ ನಿಮ್ಮ ಡಬ್ಬಿ ನಾನೇ ಕಟ್ತೀನಿ," ಎಂದಳು. "ಎಷ್ಟು ಗಂಟೆಗೆ ಬೇಕು ಭಾವ?"

ಆರು ವರ್ಷ ದಿನಾ ಅವರ ಜೊತೆಯಲ್ಲೇ ಕಾರ್ಖಾನೆಗೆ ಹೊರಡುತ್ತಿದ್ದವಳು ಕೇಳುತ್ತಿದ್ದಳು. ಮಾಸ್ಟ್ರು ನೆಲ ನೋಡುತ್ತ, "ಎಂಟೂವರೆಗೆ," ಎಂದರು.